ಹಿನ್ನೀರ ದಂಡೆಯ ಬೆಂಜ್

"ಮೇಡಂ, ಈ ಗಾಡಿ ಪರಮಾನಂದ ಕಾಕಾಂದಲ್ಲ."

ಮಾತು ಕಾರಿನ ಅಡಿಯಿಂದ ಬಂತು. ಬೀಳಗಿ ಠಾಣೆಯ ಆವರಣದಲ್ಲಿ, ಬೇವಿನ ಮರದ ನೆರಳಿಗೆ ತಳ್ಳಿ ನಿಲ್ಲಿಸಿದ್ದ ಹಳೆಯ ಬೆಂಜ್ ಕಾರಿನ ಕೆಳಗೆ ಡಾಕ್ಟರ್ ವೈಶಾಲಿ ಅಂಗಾತ ಮಲಗಿದ್ದಳು. ಹೊರಗೆ ಕಾಣುತ್ತಿದ್ದದ್ದು ಅವಳ ಎರಡು ಪಾದಗಳು ಮಾತ್ರ.

ಪಿಎಸ್‌ಐ ಸಂಘಮಿತ್ರಾ ಕಾಂಬಳೆ ಮೊಣಕಾಲೂರಿ ಬಗ್ಗಿದಳು. "ಏನಂದ್ರಿ?"

"ಇದು ಅವರ ಗಾಡಿ ಅಲ್ಲ ಅಂದೆ. ಆ ಬ್ಯಾಟರಿ ಕೊಡ್ರಿ ಇಲ್ಲಿ."

ಸಂಘಮಿತ್ರಾ ಟಾರ್ಚನ್ನು ಕಾರಿನಡಿಗೆ ಚಾಚಿದಳು.

ಸೋಮವಾರ ಮುಂಜಾನೆ ಇದೇ ಕಾರು ಬೀಳಗಿ ಹತ್ತಿರದ ಹಿನ್ನೀರ ದಂಡೆಯಲ್ಲಿ ಸಿಕ್ಕಿತ್ತು. ಪಕ್ಕದಲ್ಲಿ ಜಮಖಂಡಿಯ ಪರಮಾನಂದರ ಚಪ್ಪಲಿ, ಕನ್ನಡಕ ಇದ್ದವು, ಪರಮಾನಂದ ಇರಲಿಲ್ಲ. ಇವತ್ತು ಶುಕ್ರವಾರ. ಮುಳುಗುಗಾರರು ಇನ್ನೂ ನೀರು ಜಾಲಾಡುತ್ತಲೇ ಇದ್ದರು.

ಬ್ರೇಕು ಕೈಕೊಟ್ಟಿತ್ತೇ, ಇಲ್ಲವೇ ಮನುಷ್ಯ ತಾನಾಗಿಯೇ ನೀರಿಗೆ ಇಳಿದನೇ? ಅದನ್ನು ತಿಳಿಯಲೆಂದೇ ಸಂಘಮಿತ್ರಾ ಮುಧೋಳದಿಂದ ವೈಶಾಲಿಯನ್ನು ಕರೆಸಿದ್ದಳು. ವೈಶಾಲಿ ಹಲ್ಲಿನ ಡಾಕ್ಟರು. ಆಸ್ಪತ್ರೆಯ ಹಿಂದಿನ ಹಿತ್ತಲಲ್ಲಿ ಅವಳದೊಂದು ಹಳೆಯ ಬೀಟಲ್ ಕಾರು ಇತ್ತು. ಅದರ ಎಂಜಿನ್ ಇಳಿಸುವುದು, ಏರಿಸುವುದು ಎಲ್ಲ ಅವಳದೇ ಕೈಕೆಲಸ. ಸಕ್ಕರೆ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಪರಮಾನಂದರು ಅವಳಿಗೆ ಈ ಹುಚ್ಚು ಹಿಡಿಸಿದವರು.

"ಬರ್ರಿ, ನೀವೂ ನೋಡ್ರಿ," ಎಂದಳು ವೈಶಾಲಿ ಒಳಗಿನಿಂದಲೇ. "ಸಮವಸ್ತ್ರ ಹೊಲಸ ಆಗತೈತಿ ಅಷ್ಟ."

ಸಂಘಮಿತ್ರಾ ಟೋಪಿ ತೆಗೆದಿಟ್ಟು, ನೆಲಕ್ಕೆ ಹಾಸಿದ್ದ ಗೋಣಿಚೀಲದ ಮೇಲೆ ಪಕ್ಕಕ್ಕೆ ಮಲಗಿ ಒಳಗೆ ಸರಿದಳು. ಟಾರ್ಚಿನ ಬೆಳಕು ಡ್ರೈವರ್ ಕಾಲಿಡುವ ಜಾಗದ ಅಡಿಯ ತಗಡಿನ ಮೇಲೆ ನಿಂತಿತ್ತು.

"ಹ್ವಾದ ವರ್ಷದ ಹಿಂದಿನ ಮಳಿಗಾಲದಾಗ ಮುಂದಿನ ಕಾಚಿನ ರಬ್ಬರ್ ಒಳಗ ನೀರ ಇಳದು ಕಾಕಾನ ಗಾಡೀದು ಇದಽ ಜಾಗಾ ಕೊಳತು ಹೋಗಿತ್ತು. ಬಟ್ಟ ಒತ್ತಿದ್ರ ತೂತು. ಅಷ್ಟೂ ಕತ್ತರಿಸಿ ತಗದ್ವಿ. ಹೊಸ ತಗಡು ನಾ ಬಡದು ಆಕಾರಕ್ಕ ತಂದೆ, ಬೆಸಗಿ ಕಾಕಾ ಹಾಕಿದ್ರು. ಆ ತ್ಯಾಪಿ ಇಲ್ಲಿ ಇರಬೇಕು. ಎಲ್ಲೈತಿ?"

ತಗಡಿಗೆ ತುಕ್ಕು ಹಿಡಿದಿತ್ತು. ಆದರೆ ಎಲ್ಲಿಯೂ ಕತ್ತರಿ ಬಿದ್ದಿರಲಿಲ್ಲ. ಕಾರ್ಖಾನೆಯಿಂದ ಬಂದ ದಿನದ ಹಾಗೆಯೇ ಒಂದೇ ಹಾಳೆ.

"ಆಮ್ಯಾಲ ಮತ್ತ ಬದಲಿ ಮಾಡಿಸಿರಬಹುದಲ್ಲ?"

"ಮಾಡಿಸಿದ್ರ ಬೆಸಗಿ ಕಾಣತೈತ್ರಿ. ನಾ ತುಂಬಿದ ಹಲ್ಲು ಯಾರ ಬಾಯಾಗಿದ್ರೂ ನನಗ ಗುರ್ತ ಸಿಗತೈತಿ. ಇದೂ ಹಂಗಽ."

"ನಂಬರ್ ಪ್ಲೇಟ್ ಅವರದಽ ಐತಿ."

"ನಂಬರ್ ಪ್ಲೇಟಿಗೆ ಎರಡು ಸ್ಕ್ರೂ ರಿ ಮೇಡಂ. ಯಾರ ಬೇಕಾದ್ರೂ ಬಿಚ್ಚತಾರ."

ಇಬ್ಬರೂ ಹೊರಗೆ ಬಂದರು. ಠಾಣೆಯ ಕಟ್ಟೆಯ ಮೇಲೆ ಪರಮಾನಂದರ ಹೆಂಡತಿ ಕಸ್ತೂರೆವ್ವ ಕುಳಿತಿದ್ದಳು. ಸೋಮವಾರದಿಂದ ಅವಳ ದಿನಚರಿಯೇ ಹಾಗಾಗಿತ್ತು. ಮುಂಜಾನೆ ಹೊಳೆ ದಂಡೆ, ಮಧ್ಯಾಹ್ನ ಠಾಣೆ. ಯಾರೂ ಹೋಗೆನ್ನುತ್ತಿರಲಿಲ್ಲ.

"ಏನಾತವ್ವಾ ವೈಶಾಲಿ?" ಎಂದಳು.

ವೈಶಾಲಿ ಸಂಘಮಿತ್ರಾಳ ಮುಖ ನೋಡಿದಳು.

"ಬ್ರೇಕ್ ನೋಡಾಕತ್ತೀವ್ರಿ ಅಮ್ಮಾರ," ಎಂದಳು ಸಂಘಮಿತ್ರಾ.

"ಬ್ರೇಕ್ ಛಲೋ ಇದ್ದೂವ್ರಿ. ಬ್ಯಾಸಗಿಯಾಗ ಸ್ವತಾ ಅವರಽ ಹಾಕಿದ್ದು," ಎಂದು ಕಸ್ತೂರೆವ್ವ ಮತ್ತೆ ರಸ್ತೆಯತ್ತ ತಿರುಗಿದಳು.

ವೈಶಾಲಿ ದನಿ ತಗ್ಗಿಸಿದಳು. "ಬಾನೆಟ್ ತಗದ ನೋಡೀರೇನು?"

ಸಂಘಮಿತ್ರಾ ಹೆಡ್ ಕಾನ್‌ಸ್ಟೆಬಲ್ ಗಿರಿಮಲ್ಲಪ್ಪನತ್ತ ನೋಡಿದಳು. ಅವನು ಕತ್ತು ಕೆರೆದುಕೊಂಡ.

"ಎಳಿಯೋ ತಂತಿ ಹರದಿತ್ರಿ ಮೇಡಂ. ಮನುಷ್ಯಾ ನೀರಾಗ ಹೋಗ್ಯಾನ, ಬಾನೆಟ್ನಾಗ ಏನ ಇರತೈತಿ ಅಂತ ಬಿಟ್ವಿ."

ಬೈಯಬೇಕೆನಿಸಿತು. ಆದರೆ ತಾನೂ ಕೇಳಿರಲಿಲ್ಲವೆಂಬುದು ನೆನಪಾಗಿ ಸಂಘಮಿತ್ರಾ ಸುಮ್ಮನಾದಳು.

ವೈಶಾಲಿ ಮುಂದಿನ ಜಾಲರಿಯ ಸಂದಿಯಲ್ಲಿ ಒಂದು ಕೊಂಡಿತಂತಿ ತೂರಿಸಿ, ಕಣ್ಣು ಮುಚ್ಚಿ ತಡಕಾಡಿ, ಎಳೆದಳು. ಬಾನೆಟ್ ಎದ್ದಿತು.

ಎಂಜಿನ್ ನೋಡಿದವಳೇ ಎರಡು ಬೆರಳಿನಿಂದ ಒಂದು ತೂತಿನೊಳಗಿನ ಬಟ್ಟೆಯ ಉಂಡೆ ಹೊರಗೆ ತೆಗೆದಳು. ಪಕ್ಕದ ತೂತಿನಿಂದ ಇನ್ನೊಂದು.

"ಡೀಸೆಲ್ ಎಂಜಿನ್ ರಿ. ನಾಕೂ ಸಿಲಿಂಡರಿಗೆ ಡೀಸೆಲ್ ಉಗ್ಗೋ ನೋಜಲ್ ಇರಬೇಕು. ಇಲ್ಲಿ ಎರಡಽ ಅದಾವು. ಈ ಗಾಡಿ ಚಾಲೂನಽ ಆಗಂಗಿಲ್ಲ. ಹೊಳಿ ದಂಡಿಗೆ ಇದು ನಡಕೋತ ಬಂದಿಲ್ಲ ಮೇಡಂ, ಯಾರೋ ಎಳಕೊಂಡು ಬಂದಾರ."

ಸಂಘಮಿತ್ರಾ ಡ್ರೈವರ್ ಬಾಗಿಲು ತೆರೆದು ಅದರ ಅಂಚನ್ನು ಉಗುರಿನಿಂದ ಕೆರೆದಳು. ಹಾಲು ಹೆಚ್ಚಾದ ಕಾಫಿಯಂಥ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಅಡಿಯಲ್ಲಿ ಕಪ್ಪು.

"ಇಂಥಾದ್ದು ಇನ್ನೊಂದು ಗಾಡಿ ಈ ಕಡೆ ಎಲ್ಲೈತಿ?"

ವೈಶಾಲಿ ಆ ಕಪ್ಪು ಅಂಚನ್ನೇ ನೋಡುತ್ತಿದ್ದಳು. ಉತ್ತರ ಅವಳಿಗೆ ಆಗಲೇ ಗೊತ್ತಾಗಿತ್ತು, ಹೇಳಲು ಮನಸ್ಸಿರಲಿಲ್ಲ.

"ಬನಹಟ್ಟ್ಯಾಗ. ನಾಮದೇವ ಕಾಕಾನ ಶೆಡ್ಡಿನಾಗ, ಇಟ್ಟಂಗಿ ಮ್ಯಾಲ ನಿಂತಿತ್ತು. ಕರೇ ಬಣ್ಣದ್ದು."

*

ಜೀಪು ಮುಧೋಳ ದಾಟಿ ಮಹಾಲಿಂಗಪುರದ ಕಡೆ ಹೊರಳಿತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಜೀಪು ತೆವಳುತ್ತಿತ್ತು.

"ನಾಮದೇವ ಅವರು ಹೆಂಥಾ ಮನುಷ್ಯಾ?" ಸಂಘಮಿತ್ರಾ ಕೇಳಿದಳು.

"ಮಗ್ಗದ ಕಾರಖಾನಿ ಐತಿ. ಸೀರಿ ನೇಯ್ತಾರ. ರವಿವಾರ ಮಗ್ಗ ಬಂದ್, ನಾವು ಮೂರೂ ಮಂದಿ ಗಾಡಿ ಕೆಳಗ." ಅವಳು ಕಿಟಕಿಯಾಚೆ ನೋಡಿದಳು. "ಕಾಕಾ ಮತ್ತ ನಾಮದೇವ ಕಾಕಾ ಜಗಳಾಡೋದು ಕೇಳಬೇಕು ನೀವು. ಗ್ಯಾಸ್ಕೆಟ್ ಕತ್ತರಿಸೋದ್ರಾಗ ಯಾರ ಕೈ ನೆಟ್ಟಗ ಅಂತ. ಹಿಂದಿನ ದೀಪದ ಕಾಚಿಗಿ ಇಬ್ಬರೂ ಕೂಡಿ ಕೊಲ್ಲಾಪುರದ ಗುಜರಿಯೆಲ್ಲಾ ತಿರಗ್ಯಾರ. ಸಿಕ್ಕ ದಿನಾ ಸಣ್ಣ ಹುಡುಗರಂಗ ಫೋನ್ ಮಾಡಿದ್ರು."

"ಅವರ ನಡುವ ಏನರ ಬಿರಸ?"

"ಇದ್ರ ನನಗ ಗೊತ್ತಿಲ್ಲ. ಆದರ ದೀಪಾವಳಿ ಆದಮ್ಯಾಲ ನನ್ನ ಬನಹಟ್ಟಿಗೆ ಕರಿಯೋದು ಬಿಟ್ರು. ಏನರ ಒಂದ ನೆವಾ ಹೇಳೋರು."

ಬನಹಟ್ಟಿ ಬರುವ ಮೊದಲೇ ಅದರ ಸದ್ದು ಬಂತು. ಓಣಿ ಓಣಿಯಲ್ಲೂ ಮಗ್ಗಗಳ ಖಟಖಟ. ನಾಮದೇವ ಕಾರಖಾನೆಯ ಬಾಗಿಲಲ್ಲೇ ನಿಂತಿದ್ದ. ಎತ್ತರದ ಆಳು, ಬಿಳಿ ಮೀಸೆ, ಅಂಗಿಯ ತೋಳಿನ ಮೇಲೆಲ್ಲ ನೂಲಿನ ಧೂಳು. ಜೀಪು ಕಂಡು ಕೈ ಒರೆಸಿಕೊಂಡ.

"ಬರ್ರಿ ಮೇಡಂ," ಎಂದು ಸದ್ದಿನ ಮೇಲೆ ಕೂಗಿದ. "ಗಾಡಿ ಠಾಣೇದಾಗಽ ಐತಿಲ್ರಿ?"

ಸಂಘಮಿತ್ರಾ ಅವನನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. ಜೀವದ ಗೆಳೆಯ ಕಾಣೆಯಾಗಿದ್ದಾನೆ. ಹೆಣ ಸಿಕ್ಕಿತೇ ಎಂದು ಕೇಳಲಿಲ್ಲ. ಸುಳಿವು ಸಿಕ್ಕಿತೇ ಎಂದೂ ಕೇಳಲಿಲ್ಲ. ಮೊದಲ ಮಾತೇ ಗಾಡಿಯದು.

"ಐತಿ. ನಿಮ್ಮ ಶೆಡ್ ನೋಡಬೇಕಾಗೈತಿ."

"ಶೆಡ್ಡಿನಾಗ ಏನೈತ್ರಿ, ಹಳೇ ಸಾಮಾನು…"

"ತೆಗೀರಿ."

ಶೆಡ್ಡು ಕಾರಖಾನೆಯ ಹಿಂದಿತ್ತು. ಬಾಗಿಲಿಗೆ ಹೊಳೆಯುವ ಹೊಸ ತಗಡು. ಬಾಗಿಲ ಮೇಲಿನ ಗೋಡೆಗೆ ಸುಣ್ಣ ಬಳಿದಿದ್ದರೂ ಅದರಡಿಯ ಮಸಿ ಮೋಡದಂತೆ ಹೊರಗೆ ಇಣುಕುತ್ತಿತ್ತು.

"ಬೆಂಕಿ ಬಿದ್ದಿತ್ತೇನು?"

"ವಾಯರ್ ಸುಟ್ಟಿತ್ರಿ. ಸಣ್ಣದು."

ಒಳಗೆ ನಾಲ್ಕು ಮೂಲೆಗೆ ನಾಲ್ಕು ಇಟ್ಟಂಗಿಯ ಗುಡ್ಡೆಗಳು. ಅವುಗಳ ನಡುವೆ ಏನೂ ಇರಲಿಲ್ಲ.

"ಇಲ್ಲಿದ್ದ ಕರೇ ಬೆಂಜ್ ಎಲ್ಲಿ ಹೋತು ಕಾಕಾ?" ವೈಶಾಲಿ ಕೇಳಿದಳು.

ನಾಮದೇವ ಅವಳ ಕಣ್ಣು ತಪ್ಪಿಸಿದ. "ಗುಜರಿಗೆ ಹಾಕಿದೆ. ಭಾಳ ದಿನಾ ಆತು. ನಿನಗ ಹೇಳಬೇಕಂತ ಮಾಡಿದ್ದೆ."

ವೈಶಾಲಿ ಕಪಾಟಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಬಿಳಿ ಅರಳೆಯ ಪದರ ಹತ್ತಿತು. ಪಾನಾ-ಇಕ್ಕಳಗಳ ಮೇಲೂ ಅರಳೆ, ಕಿಟಕಿಯ ಸರಳಿನ ಮೇಲೂ ಅರಳೆ. ಮಗ್ಗದ ಮಗ್ಗುಲಲ್ಲಿ ಇರುವ ಯಾವ ವಸ್ತುವಿಗೂ ಅದು ತಪ್ಪಿದ್ದಲ್ಲ. ಅವಳು ಇಟ್ಟಂಗಿಯ ಗುಡ್ಡೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಳು. ಬದಿಗಳಲ್ಲಿ ಅರಳೆ ದಪ್ಪಗೆ ಕೂತಿತ್ತು. ಮೇಲ್ಮೈ ಮಾತ್ರ ಹೆಚ್ಚುಕಡಿಮೆ ಸ್ವಚ್ಛ. ನೆಲದ ಮೇಲಿನ ಎಣ್ಣೆಯ ಕಲೆಯೂ ಹಾಗೆಯೇ. ಒತ್ತಿದರೆ ಬೆರಳು ಕಪ್ಪಾಯಿತು.

"ಇಲ್ಲಿ ಚಾದ ಕಪ್ಪು ಇಟ್ಟು ಮರತ್ರ ಸಂಜೀಕ ಅದರ ಮ್ಯಾಲ ಅರಳಿ ಕುಂತಿರತೈತಿ," ಎಂದಳು. "ಭಾಳ ದಿನಾ ಆಗಿಲ್ಲ ಕಾಕಾ. ಈ ವಾರದಾಗಽ ಎತ್ತೀರಿ."

ಮೇಜಿನ ಮೂಲೆಯಲ್ಲಿ ಸ್ಟೀಲಿನ ತಟ್ಟೆ ಇತ್ತು. ಅದಕ್ಕೆ ಬಟ್ಟೆ ಮುಚ್ಚಿತ್ತು. ವೈಶಾಲಿ ಬಟ್ಟೆ ಸರಿಸಿದಳು. ಡೀಸೆಲ್ಲಿನಲ್ಲಿ ಅದ್ದಿಟ್ಟ ಎರಡು ನೋಜಲ್‌ಗಳು.

ಅವಳು ಒಂದನ್ನು ಎತ್ತಿ ಸಂಘಮಿತ್ರಾಳ ಅಂಗೈಯಲ್ಲಿ ಇಟ್ಟಳು.

ಸಂಘಮಿತ್ರಾ ನಾಮದೇವನ ಎದುರಿಗೆ ನಿಂತಳು. "ಮನುಷ್ಯಾ ಕಾಣೆ ಆಗ್ಯಾನ. ಅವನ ಚಪ್ಪಲಿ ಪಕ್ಕದಾಗ ನೀವು ಬಣ್ಣ ಹೊಡದ ಗಾಡಿ ಸಿಕ್ಕೈತಿ, ಅವನ ನಂಬರ್ ಹಚ್ಚಿಕೊಂಡು. ಅವನ ಖರೆ ಗಾಡಿ ಎಲ್ಲೂ ಇಲ್ಲ. ಇದನ್ನ ನಾ ಕೊಲಿ ಅಂತ ಬರೀಬೇಕೋ, ಮತ್ತೇನಂತ ಬರೀಬೇಕೋ, ನೀವಽ ಹೇಳ್ರಿ."

ನಾಮದೇವ ಬಾಗಿಲಿಗೆ ಹೋಗಿ ಕಾರಖಾನೆಯ ಕಡೆ ಕೈ ಬೀಸಿದ. ಮಗ್ಗಗಳು ಒಂದೊಂದಾಗಿ ನಿಂತವು. ಕೊನೆಯದು ನಿಂತ ಮೇಲೆ ಶೆಡ್ಡಿನೊಳಗಿನ ನೊಣದ ಸದ್ದೂ ಕೇಳುವಂತಾಯಿತು.

ಅವನು ಇಟ್ಟಂಗಿಯ ಗುಡ್ಡೆಯ ಮೇಲೆ ಕುಳಿತ.

"ಅಂವ ಮುಳಗಿಲ್ರಿ. ದಂಡಿ ಮ್ಯಾಲ ಚಪ್ಪಲಿ ಇಟ್ಟಾಂವ ನಾನಽ."

"ಕಾಕಾ!" ಎಂದಳು ವೈಶಾಲಿ.

"ಗಾಲಿ ಹಾಕಿ, ಟ್ರ್ಯಾಕ್ಟರಿಗೆ ಕಟ್ಟಿ ಗಾಡಿ ಒಯ್ದು ನಿಲ್ಲಿಸಿದ್ನಿ. ಚಪ್ಪಲಿ ಅಂವನಽ ಬಿಚ್ಚಿ ಕೊಟ್ಟಿದ್ದ, ಚಷ್ಮಾ ಕೊಟ್ಟಿದ್ದ. ಅಂವನಽ ಹೇಳಿದ್ದು, ನಾ ಮಾಡಿದ್ದು."

ಸಂಘಮಿತ್ರಾಳ ಮುಖ ಕೆಂಪೇರಿತು. "ಸೋಮವಾರದಿಂದ ಆ ಹೆಣ್ಮಗಳು ಹೊಳಿ ದಂಡಿ ಮ್ಯಾಲ ಕುಂತಾಳ. ಬಲಿ ಎಳದಾಗೊಮ್ಮೆ ಎದ್ದು ನಿಂದರತಾಳ. ಆಕಿಗೆ ಗೊತ್ತೈತೇನು?"

"ಇಲ್ರಿ."

"ಯಾಕ ಹೇಳಲಿಲ್ಲ?"

"ಅತ್ತಿಗೆಮ್ಮನ ಅಳು ಖರೆ ಇದ್ರ ಮಂದಿ ನಂಬತಾರ ಅಂದ." ನಾಮದೇವ ನೆಲ ನೋಡಿದ. "ಬ್ಯಾಡೋ ಅಂದಿದ್ನಿ ನಾ. ಮೂರು ದಿನದ ಮಾತು, ಬುಧವಾರ ಬಂದು ಆಕಿ ಕಾಲ ಹಿಡಕೋತೀನಿ ಅಂದ."

"ಮೊದಲಿಂದ ಹೇಳ್ರಿ."

ನಾಮದೇವ ಹೇಳಿದ. ಕಪ್ಪು ಬೆಂಜ್ ಬಂದದ್ದು ಮುಧೋಳದ ಭೀಮಶಿ ಧಣಿಗಳ ಬಂಗಲೆಯ ಹಿತ್ತಲಿನಿಂದ. ಎಷ್ಟೋ ವರ್ಷಗಳಿಂದ ಅಲ್ಲಿ ಹುಣಸೆ ಮರದಡಿ ಕೊಳೆಯುತ್ತಿತ್ತು. ಧಣಿಗಳು ಊರಲ್ಲಿಲ್ಲದಾಗ ಬಂಗಲೆಯ ಕಾರಭಾರಿ ಹಿತ್ತಲು ಸ್ವಚ್ಛ ಮಾಡಿಸಿ, ಬಿಡಿಭಾಗಗಳಿಗಾದರೂ ಆದೀತು ಒಯ್ಯಿರಿ ಎಂದಿದ್ದ. ದೀಪಾವಳಿಯ ಹೊತ್ತಿಗೆ ಪರಮಾನಂದರು ಹಿಂದಿನ ಸೀಟು ಹೊಲಿಸಲೆಂದು ಅದರ ಚರ್ಮ ಬಿಚ್ಚಿದರು. ನಾರಿನ ಗಾದಿಯಲ್ಲಿ ಒಂದು ಸೀಸದ ಗುಂಡು ಹೂತಿತ್ತು. ಸುತ್ತಲಿನ ನಾರು ಕಪ್ಪಾಗಿ ಗಟ್ಟಿಯಾಗಿತ್ತು.

"ಬಂದೂಕದ ಗುಂಡು?"

"ಹೌದ್ರಿ. ಧಣ್ಯಾರ ಅಣ್ಣ ಒಬ್ಬಾಂವ ಇದ್ದ. ಮನಿ ಬಿಟ್ಟು ಹಿಮಾಲಯಕ್ಕ ಹ್ವಾದ ಅಂತ ಊರೆಲ್ಲಾ ಹೇಳತಾರ. ಹೋಗೋ ಮುಂದ ಈ ಗಾಡ್ಯಾಗಽ ಕುಂತು ಹ್ವಾದ ಅಂತನೂ ಹೇಳತಾರ. ಆಮ್ಯಾಲ ಗಾಡಿ ರೋಡಿಗೆ ಬರಲೇ ಇಲ್ಲ."

ಪರಮಾನಂದರು ಸುಮ್ಮನಿರಲಿಲ್ಲ. ಬಂಗಲೆಗೆ ಹೋಗಿ, ಗಾಡಿಯ ಇತಿಹಾಸ ತಿಳಿಯುವ ಆಸೆ ಎಂದು ನಗುತ್ತ ನಾಲ್ಕು ಪ್ರಶ್ನೆ ಕೇಳಿ ಬಂದರು. ಹದಿನೈದು ದಿನ ಕಳೆಯುವುದರೊಳಗೆ ಈ ಶೆಡ್ಡಿನ ಬಾಗಿಲಿಗೆ ಬೆಂಕಿ ಬಿತ್ತು. ಮಗ್ಗದ ಆಳುಗಳು ಓಡಿಬಂದು ಆರಿಸಿದ್ದರಿಂದ ಗಾಡಿ ಉಳಿಯಿತು.

"ಸೀದಾ ನಮ್ಮ ಹತ್ತರ ಬರಬಾರದಿತ್ತೇನು?"

"ಬಂದು ಏನಂತಿದ್ವಿ ಮೇಡಂ? ಹಳೇ ಗಾಡಿ ಸೀಟಿನಾಗ ಸೀಸದ ಚೂರು ಸಿಕ್ಕೈತಿ, ದೊಡ್ಡ ಮಂದೀನ ಹಿಡೀರಿ ಅಂತಿದ್ವೇನು? ಸಾಕ್ಷಿ ಬೇಕಿತ್ತು. ಆ ಕಾಲದಾಗ ಆ ಗಾಡಿ ಹೊಡದ ಡ್ರೈವರ್ ಇನ್ನೂ ಬದಕ್ಯಾನ. ಮುರಗೆಪ್ಪ ಅಂತ, ಹುನ್ನೂರಾಗ. ಅವನ್ನ ಒಪ್ಪಿಸಿ ಕರಕೊಂಡು ಬರೂತನಕ ಗಾಡಿ ಉಳೀಬೇಕಲ್ಲ? ಪರಮಾನಂದ ಅಂದ, ಪೊಲೀಸ್ ಠಾಣೆಯಷ್ಟು ಭದ್ರ ಜಾಗಾ ಯಾವುದೈತಿ ಅಂತ. ನನ್ನ ಗಾಡಿ ಅಂತ ತಿಳದು ಅವರಽ ಒಯ್ದು ಇಟಗೋತಾರ. ನಾ ಸತ್ತೀನಿ ಅಂದ್ರ ನನ್ನ ಬೆನ್ನೂ ಯಾರೂ ಹತ್ತಂಗಿಲ್ಲ ಅಂದ."

ಸಂಘಮಿತ್ರಾಳಿಗೆ ಸಿಟ್ಟು ಬಂದಂತೆಯೇ ಒಂದು ಬಗೆಯ ಮೆಚ್ಚುಗೆಯೂ ಬಂತು. ಅದನ್ನು ಮುಖದ ಮೇಲೆ ಬರಗೊಡಲಿಲ್ಲ.

"ಆ ಗುಂಡು ಈಗ ಎಲ್ಲೈತಿ?"

"ಇದ್ದಲ್ಲೇ ಐತ್ರಿ. ಮುಟ್ಟಿಲ್ಲ ನಾವು. ನಿಮ್ಮ ಬೇವಿನ ಗಿಡದ ಕೆಳಗ."

ಅವಳು ಅಲ್ಲಿಂದಲೇ ಗಿರಿಮಲ್ಲಪ್ಪನಿಗೆ ಫೋನ್ ಮಾಡಿದಳು. "ಆ ಗಾಡಿ ಹತ್ತರ ಯಾರನ್ನೂ ಬಿಡಬ್ಯಾಡ್ರಿ. ಯಾರೇ ಬರಲಿ. ನೀವು ಸ್ವತಾ ಖುರ್ಚಿ ಹಾಕಿಕೊಂಡು ಕುಂದರ್ರಿ."

ಫೋನ್ ಇಟ್ಟು ತಿರುಗಿದಳು. "ಬುಧವಾರ ಹೋಗಿ ಶುಕ್ರವಾರ ಬಂತು. ಅವರೆಲ್ಲಿ?"

ಆಗ ನಾಮದೇವನ ಧ್ವನಿ ಒಡೆಯಿತು.

"ಗೊತ್ತಿಲ್ರಿ ಮೇಡಂ. ತನ್ನ ಗಾಡೀಗೆ ನಂಬರ್ ಇಲ್ಲದಽ ಹುನ್ನೂರಿಗೆ ಹ್ವಾದ. ಮಂಗಳವಾರ ಒಮ್ಮೆ ಮಾತಾಡಿದ. ಮುರಗೆಪ್ಪ ಒಪ್ಯಾನ, ನಾಳೆ ಬರ್ತೀವಿ ಅಂದ. ಆಮ್ಯಾಲ ಫೋನ್ ಹತ್ತವಲ್ದು. ಅಂವ ಹೇಳಿದ ಮಾತಿಗೆ ತಪ್ಪೋನಲ್ಲ. ನಿನ್ನಿಯಿಂದ ನನಗ ತುತ್ತು ಇಳದಿಲ್ಲ. ನಿಮಗ ಹೇಳಿದ್ರ ಅವನ ಕೆಲಸ ಕೆಡತೈತಿ, ಹೇಳದಿದ್ರ…"

"ಹೇಳದಿದ್ರ ಅವನ ಜೀವ ಹೋಗತೈತಿ ಅಂತ ತಿಳೀಲಿಲ್ಲ?" ವೈಶಾಲಿ ಕೂಗಿದಳು. ಅವಳ ಕಣ್ಣಲ್ಲಿ ನೀರಿತ್ತು. "ನನಗರ ಹೇಳಬೇಕಿತ್ತು ಕಾಕಾ! ನಾ ಹೋಗಿ ನೋಡಿ ಬರ್ತಿದ್ನಿ."

ನಾಮದೇವ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ.

ಸಂಘಮಿತ್ರಾ ಜಮಖಂಡಿ ಪೊಲೀಸರಿಗೆ ಫೋನ್ ಹಚ್ಚಲು ಹೊರಟಳು. ಅಷ್ಟರಲ್ಲಿ ಅತ್ತಲಿಂದಲೇ ಕರೆ ಬಂತು. ಜಮಖಂಡಿಯ ಪಿಎಸ್‌ಐ ಬಾಳೇಶ.

"ಮೇಡಂ, ನೀವು ಹುಡಕಾಕತ್ತಿರೋದು ಹಳೇ ಬೆಂಜ್ ಗಾಡಿ ಮನುಷ್ಯಾನ್ನಲ್ರಿ?"

"ಹೌದ್ರಿ. ಯಾಕ?"

"ತುಬಚಿ ಹತ್ತರ, ಹೊಳಿ ನೀರು ಎತ್ತೋ ಜಾಗಾದ ಮಗ್ಗಲಕ, ಮುಂಜಾನಿಯಿಂದ ನೀರಿನ ಮ್ಯಾಲ ಡೀಸೆಲ್ ತೇಲಾಕತ್ತಿತ್ರಿ. ಕ್ರೇನ್ ತರಿಸಿ ಈಗ ಎತ್ತಿದ್ವಿ. ಹಳೇ ಬೆಂಜ್. ಕಾಫಿ ಬಣ್ಣ. ನಂಬರ್ ಪ್ಲೇಟಿಲ್ಲ."

ವೈಶಾಲಿ ಸಂಘಮಿತ್ರಾಳ ಮುಖವನ್ನೇ ನೋಡುತ್ತಿದ್ದಳು.

"ಒಳಗ?"

"ಒಬ್ಬಾಂವ ಅದಾನ್ರಿ. ಹಿಂದಿನ ಸೀಟಿನಾಗ. ವಯಸ್ಸಾದಾಂವ. ನೀರಾಗ ಸತ್ತಿಲ್ಲ ಅನಸತೈತ್ರಿ, ಎದಿ ಮ್ಯಾಲ ಗುಂಡಿನ ಗಾಯ ಐತಿ. ಫೋಟೋ ಕಳಸೇನಿ, ನೋಡ್ರಿ."

ಫೋಟೋ ಬಂತು. ಸಂಘಮಿತ್ರಾ ಮೊದಲು ತಾನೇ ನೋಡಿದಳು. ಕೇಸಿನ ಫೈಲಿನಲ್ಲಿ ಪರಮಾನಂದರ ಮುಖ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. ಇದು ಆ ಮುಖವಲ್ಲ.

"ಪರಮಾನಂದ ಅಲ್ಲ," ಎಂದಳು.

ವೈಶಾಲಿ ಗೋಡೆಗೆ ಒರಗಿದಳು.

"ಹಂಗಾದ್ರ ಮುರಗೆಪ್ಪ," ಎಂದ ನಾಮದೇವ ಪಿಸುದನಿಯಲ್ಲಿ. "ಅಯ್ಯೋ. ಆ ಮುದುಕನ್ನ ನಾವಽ ಕೊಂದಂಗಾತು."

"ಮುರಗೆಪ್ಪನ್ನ ನೀವು ನೋಡೀರೇನು?"

"ನೋಡೇನ್ರಿ, ಹುನ್ನೂರಿಗೆ ಒಮ್ಮೆ ಹೋಗಿದ್ನಿ."

ಅವಳು ಮೊಬೈಲನ್ನು ಅವನ ಮುಂದೆ ಹಿಡಿದಳು. ನಾಮದೇವ ಕಣ್ಣು ಕಿರಿದು ಮಾಡಿ ನೋಡಿದ. ಮೊಬೈಲನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ಮತ್ತೆ ನೋಡಿದ.

"ಇಂವ ಮುರಗೆಪ್ಪ ಅಲ್ರಿ."

"ಮತ್ತ್ಯಾರು?"

"ಧಣ್ಯಾರು. ಮುಧೋಳದ ಭೀಮಶಿ ಧಣ್ಯಾರು."

ಸಂಘಮಿತ್ರಾ ಮೊಬೈಲನ್ನು ಅವನ ಕೈಯಿಂದ ತೆಗೆದುಕೊಂಡು ಬಾಳೇಶನಿಗೆ ಮತ್ತೆ ಕರೆ ಹಚ್ಚಿದಳು.

"ಗಾಡಿ ಬಾಗಲಾ ಎಲ್ಲಾ ಹಾಕಿದ್ವೇನ್ರಿ?"

"ಮೂರು ಹಾಕಿದ್ವು ಮೇಡಂ. ಡ್ರೈವರ್ ಬಾಗಲಾ ಒಂದು ತಗದಿತ್ತು. ದಂಡಿ ಮ್ಯಾಲ ಕೆಸರಿನಾಗ ಹೆಜ್ಜಿ ಅದಾವು. ನೀರಾಗಿಂದ ಮ್ಯಾಲ ಹತ್ತಿದ್ದು. ಬರಿಗಾಲು."

ವೈಶಾಲಿಗೆ ಆ ಮಾತು ಕೇಳಿಸಿತು. ಅವಳು ಮುಂದೆ ಬಂದು ಸಂಘಮಿತ್ರಾಳ ತೋಳು ಹಿಡಿದಳು. "ಮೇಡಂ, ಕಾಕಾ ಅಂಥಾವರಲ್ರಿ. ಇರಿವಿ ಕೊಲ್ಲೋ ಮನುಷ್ಯಾ ಅಲ್ಲ."

ಸಂಘಮಿತ್ರಾ ಅವಳ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಬಾಳೇಶ ಅವರ, ನೀರಿನಾಗ ಹುಡುಕೋದು ಬಂದ್ಮಾಡಾಕ ಹೇಳ್ತೀನಿ," ಎಂದಳು ಫೋನಿನಲ್ಲಿ. "ಪರಮಾನಂದ ಜೀವಂತ ಅದಾರ. ರಸ್ತಾದ ಎಲ್ಲಾ ಪೊಲೀಸ್ ನಾಕಾಕ್ಕೂ ಫೋಟೋ ಕಳಸ್ರಿ. ಸಿಕ್ಕರ ಹಿಡದು ಕುಂದರಸ್ರಿ. ಹುನ್ನೂರಿನ ಮುರಗೆಪ್ಪ ಅನ್ನಾಂವ ಎಲ್ಲದಾನ ಅಂತನೂ ನೋಡಸ್ರಿ. ಹುಷಾರಿ ಇರಲಿ, ಅವರ ಹತ್ತರ ಬಂದೂಕ ಇರಬಹುದು."